ವಿದೇಶಿ ಬಾಳಸಂಗಾತಿ ಮತ್ತು ಸರ್ಕಾರಿ ಸೌಲಭ್ಯ: ಊರಿಗೆ ಮರಳಿದ ಕುಟುಂಬಗಳು ಅರಿತಿರಬೇಕಾದ ನಾಲ್ಕು ದಿನಾಂಕಗಳು

ಪೀಠಿಕೆ

ಉದ್ಯೋಗ ಅಥವಾ ವ್ಯಾಸಂಗದ ನಿಮಿತ್ತ ಹೊರದೇಶಗಳಿಗೆ ತೆರಳಿ, ಅಲ್ಲಿಯ ಅಥವಾ ಬೇರೊಂದು ದೇಶದ ಪ್ರಜೆಯನ್ನು ವಿವಾಹವಾಗಿ, ಕೆಲವು ವರ್ಷಗಳ ನಂತರ ಕುಟುಂಬಸಮೇತ ಸ್ವಂತ ಊರಿಗೆ ಮರಳುವುದು ಮಹಾನಗರಗಳಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಬೆಳ್ಳಟ್ಟಿಯಂತಹ ಗ್ರಾಮಕ್ಕೆ ಹೀಗೆ ಮರಳಿದ ಕುಟುಂಬವೊಂದನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಮಗ ದುಬೈಯಲ್ಲಿ ದುಡಿಯುತ್ತಿದ್ದವನು. ಸೊಸೆ ಫಿಲಿಪ್ಪೀನ್ಸ್ ದೇಶದವಳು. ಜೊತೆಗೆ ಎಳೆಯ ಮಗು. ಊರಿಗೆ ಬಂದ ಕೆಲವೇ ದಿನಗಳಲ್ಲಿ ಈ ಕುಟುಂಬದ ಮುಂದೆ ಹಲವು ಪ್ರಶ್ನೆಗಳು ಏಳುತ್ತವೆ. ಸೊಸೆಯ ಹೆಸರನ್ನು ಪಡಿತರ ಚೀಟಿಗೆ ಸೇರಿಸಬಹುದೇ? ಗೃಹಲಕ್ಷ್ಮಿ ಯೋಜನೆಯ ಹಣ ದೊರೆಯುವುದೇ? ಆಸ್ಪತ್ರೆಯ ವೆಚ್ಚಕ್ಕೆ ಸರ್ಕಾರದ ನೆರವು ಸಿಗುವುದೇ? ಮಗುವನ್ನು ಯಾವ ದೇಶದ ಪ್ರಜೆಯೆಂದು ಬರೆಸಬೇಕು?

ಅರ್ಜಿದಾರರು ಸಾಮಾನ್ಯವಾಗಿ ಯೋಜನೆಗಳ ಹೆಸರು ಹಿಡಿದು ಕಚೇರಿಗೆ ಬರುತ್ತಾರೆ. ಆದರೆ ಕಾನೂನನ್ನು ಒಟ್ಟಾಗಿ ಪರಿಶೀಲಿಸಿದಾಗ ಕಂಡುಬರುವ ಸಂಗತಿ ಬೇರೆ. ವಿದೇಶಿ ಸಂಗಾತಿಗೆ ಇಂದು ಏನು ದೊರೆಯುತ್ತದೆ, ಮುಂದೆ ಏನು ದೊರೆಯಲಿದೆ ಎಂಬುದನ್ನು ಯೋಜನೆಯ ಹೆಸರಿಗಿಂತ ಹೆಚ್ಚಾಗಿ ನಾಲ್ಕು ದಿನಾಂಕಗಳು ನಿರ್ಧರಿಸುತ್ತವೆ. ಅವು: ವಿವಾಹವು ನೋಂದಣಿಯಾದ ದಿನ, ವೀಸಾ ಅವಧಿ ಮುಗಿಯುವ ದಿನ, ಮಗುವಿನ ಜನನವನ್ನು ದಾಖಲಿಸಿದ ದಿನ ಹಾಗೂ ಸಾಗರೋತ್ತರ ಭಾರತೀಯ ಪೌರರೆಂದು ನೋಂದಣಿಯಾದ ದಿನ. ಇವುಗಳಲ್ಲಿ ಒಂದು ತಪ್ಪಿದರೂ ಅದರ ಪರಿಣಾಮ ವರ್ಷಗಟ್ಟಲೆ ಉಳಿಯಬಲ್ಲದು. ಈ ನಾಲ್ಕು ದಿನಾಂಕಗಳ ಮಹತ್ವವನ್ನು ಸಾರ್ವಜನಿಕರಿಗೆ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

ಪ್ರಚಲಿತ ಹಿನ್ನೆಲೆ

2025ನೇ ವರ್ಷದ ಮೂರು ಬೆಳವಣಿಗೆಗಳು ಈ ವಿಷಯವನ್ನು ಮುನ್ನೆಲೆಗೆ ತಂದಿವೆ.

ಮೊದಲನೆಯದು, 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ನಡೆದ ಭಯೋತ್ಪಾದಕ ದಾಳಿಯ ತರುವಾಯ ಪಾಕಿಸ್ತಾನಿ ಪ್ರಜೆಗಳಿಗೆ ನೀಡಲಾಗಿದ್ದ ವೀಸಾಗಳನ್ನು ಕೇಂದ್ರ ಸರ್ಕಾರವು ಏಪ್ರಿಲ್ 27ರಿಂದ ಜಾರಿಗೆ ಬರುವಂತೆ ರದ್ದುಪಡಿಸಿದ್ದು. ದೀರ್ಘಾವಧಿ ವೀಸಾ ಹಾಗೂ ರಾಜತಾಂತ್ರಿಕ ವೀಸಾಗಳನ್ನು ಈ ರದ್ದತಿಯಿಂದ ಹೊರಗಿಡಲಾಯಿತು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳದಲ್ಲಿ ಭಾರತೀಯರನ್ನು ವಿವಾಹವಾಗಿ ದೀರ್ಘಾವಧಿ ವೀಸಾದ ಮೇಲೆ ನೆಲೆಸಿರುವ ಮಹಿಳೆಯರಿದ್ದಾರೆ. ಅಲ್ಪಾವಧಿ ವೀಸಾ ಹೊಂದಿದ್ದವರು ಕೆಲವೇ ದಿನಗಳಲ್ಲಿ ದೇಶ ಬಿಡಬೇಕಾಗಿ ಬಂದಾಗ, ದೀರ್ಘಾವಧಿ ವೀಸಾ ಪಡೆದಿದ್ದವರು ಮನೆ ಮಕ್ಕಳೊಡನೆ ಉಳಿಯಲು ಸಾಧ್ಯವಾಯಿತು. ವಿವಾಹವೆಂಬ ಸಂಬಂಧ ಇಬ್ಬರದೂ ಒಂದೇ ಆಗಿದ್ದರೂ, ಕೈಯಲ್ಲಿದ್ದ ದಾಖಲೆ ಯಾವುದು ಎಂಬುದರಿಂದ ವ್ಯತ್ಯಾಸ ಉಂಟಾಯಿತು.

ಎರಡನೆಯದು, ವಲಸೆ ಮತ್ತು ವಿದೇಶೀಯರ ಅಧಿನಿಯಮ, 2025. ಇದು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದ್ದು, 1920ರ ಪಾಸ್‌ಪೋರ್ಟ್ ಅಧಿನಿಯಮ, 1939ರ ವಿದೇಶೀಯರ ನೋಂದಣಿ ಅಧಿನಿಯಮ, 1946ರ ವಿದೇಶೀಯರ ಅಧಿನಿಯಮ ಮತ್ತು 2000ದ ವಾಹಕರ ಹೊಣೆಗಾರಿಕೆ ಅಧಿನಿಯಮ ಈ ನಾಲ್ಕರ ಸ್ಥಾನದಲ್ಲಿ ಒಂದೇ ಕಾನೂನನ್ನು ತಂದಿದೆ. ಇದರನ್ವಯ ವೀಸಾ ಅವಧಿ ಮೀರಿ ಉಳಿದವರಿಗೆ 3 ವರ್ಷಗಳವರೆಗೆ ಸೆರೆವಾಸ, 3 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ನಕಲಿ ಪ್ರಯಾಣ ದಾಖಲೆ ಬಳಸಿದವರಿಗೆ ಕನಿಷ್ಠ 2 ವರ್ಷ, ಗರಿಷ್ಠ 7 ವರ್ಷ ಸೆರೆವಾಸವಿದೆ.

ಮೂರನೆಯದು, 2025ರ ಜೂನ್‌ನಲ್ಲಿ ಬಿಹಾರದಿಂದ ಆರಂಭವಾದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ. ಈ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್‌ನಲ್ಲಿ ಆಧಾರ್ ಅನ್ನು ಗುರುತಿನ ದಾಖಲೆಯಾಗಿ ಸ್ವೀಕರಿಸುವಂತೆ ಸೂಚಿಸಿತು. ಅದೇ ಸಮಯದಲ್ಲಿ ಅದು ಪೌರತ್ವದ ಪುರಾವೆಯಲ್ಲವೆಂಬುದನ್ನೂ ಸ್ಪಷ್ಟಪಡಿಸಿತು. ಗುರುತು ಮತ್ತು ಪೌರತ್ವ ಬೇರೆ ಬೇರೆ ಎಂಬ ಈ ಭೇದವೇ ವಿದೇಶಿ ಸಂಗಾತಿಗಳ ವಿಷಯದಲ್ಲಿಯೂ ಮುಖ್ಯವಾದುದು.

ಸೌಲಭ್ಯಗಳ ನಾಲ್ಕು ಆಧಾರಗಳು

ಸರ್ಕಾರದ ಸೌಲಭ್ಯಗಳೆಲ್ಲವೂ ಒಂದೇ ಆಧಾರದ ಮೇಲೆ ನಿಂತಿಲ್ಲ. ಕೆಲವು ವ್ಯಕ್ತಿಗೆ, ಕೆಲವು ಕುಟುಂಬಕ್ಕೆ, ಕೆಲವು ವಂತಿಗೆ ಕಟ್ಟಿದವರಿಗೆ, ಮತ್ತೆ ಕೆಲವು ಪೌರರಿಗೆ ಸಲ್ಲುತ್ತವೆ.

ವ್ಯಕ್ತಿಗೆ ಸಲ್ಲುವಂಥವು: ಸಂವಿಧಾನದ 14 ಮತ್ತು 21ನೇ ಅನುಚ್ಛೇದಗಳು ‘ಯಾವುದೇ ವ್ಯಕ್ತಿ’ಗೆ ಅನ್ವಯಿಸುತ್ತವೆ. 15, 16 ಮತ್ತು 19ನೇ ಅನುಚ್ಛೇದಗಳು ಪೌರರಿಗೆ ಮಾತ್ರ ಮೀಸಲಾಗಿವೆ. ಜೀವಿಸುವ ಹಕ್ಕಿನ ರಕ್ಷಣೆ ಪೌರರಲ್ಲದವರಿಗೂ ಇದೆಯೆಂದು ಸರ್ವೋಚ್ಚ ನ್ಯಾಯಾಲಯವು 1996ರ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿಯೂ 2000ದ ಚಂದ್ರಿಮಾ ದಾಸ್ ಪ್ರಕರಣದಲ್ಲಿಯೂ ತೀರ್ಪಿತ್ತಿದೆ. ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮ, 2013ರ 4ನೇ ಕಲಂ ‘ಪ್ರತಿಯೊಬ್ಬ ಗರ್ಭಿಣಿ ಮತ್ತು ಹಾಲುಣಿಸುವ ತಾಯಿ’ಗೆ ಅಂಗನವಾಡಿಯ ಮೂಲಕ ಉಚಿತ ಆಹಾರದ ಬಗ್ಗೆ ಹೇಳುತ್ತದೆ. ಶಿಕ್ಷಣ ಹಕ್ಕು ಅಧಿನಿಯಮ, 2009 ಆರರಿಂದ ಹದಿನಾಲ್ಕು ವರ್ಷದ ಮಗುವಿನ ಬಗ್ಗೆ ಹೇಳುವಾಗ ಮಗುವಿನ ರಾಷ್ಟ್ರೀಯತೆಯನ್ನು ಷರತ್ತಾಗಿಸಿಲ್ಲ. ಆದುದರಿಂದ ಗರ್ಭಿಣಿಯಾದ ಸೊಸೆ ಅಂಗನವಾಡಿ ಕಾರ್ಯಕರ್ತೆಯನ್ನು ಕಾಣಲು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಲು ಪೌರತ್ವ ದೊರೆಯುವವರೆಗೆ ಕಾಯುವ ಅಗತ್ಯವಿಲ್ಲ. ಹಿಂಜರಿಯುವ ಕಾರಣವೂ ಇಲ್ಲ.

ಕುಟುಂಬಕ್ಕೆ ಸಲ್ಲುವಂಥವು: ಪಡಿತರ, ಗೃಹಲಕ್ಷ್ಮಿ ಮತ್ತು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಈ ವರ್ಗದವು. ಇವುಗಳಿಗೆ ಪಡಿತರ ಚೀಟಿಯೇ ತಳಹದಿ. ಇವುಗಳ ವಿವರವನ್ನು ಮುಂದೆ ಪ್ರತ್ಯೇಕವಾಗಿ ನೀಡಲಾಗಿದೆ.

ವಂತಿಗೆಯಿಂದ ಸಲ್ಲುವಂಥವು: ನೌಕರರ ರಾಜ್ಯ ವಿಮೆ ಮತ್ತು ನೌಕರರ ಪಿಂಚಣಿ ಯೋಜನೆಗಳಲ್ಲಿ ‘ಕುಟುಂಬ’ ಎಂಬ ಪದದ ವ್ಯಾಖ್ಯೆಯೊಳಗೆ ವಿಮಾದಾರರ ಅಥವಾ ಸದಸ್ಯರ ಪತಿ ಅಥವಾ ಪತ್ನಿ ಸೇರುತ್ತಾರೆ. ಇಲ್ಲಿ ಹಕ್ಕು ಹುಟ್ಟುವುದು ಕಟ್ಟಿದ ವಂತಿಗೆಯಿಂದ. ಊರಿಗೆ ಮರಳಿ ಹುಬ್ಬಳ್ಳಿ ಅಥವಾ ಗದಗದಲ್ಲಿ ನೌಕರಿ ಹಿಡಿದವರು ತಮ್ಮ ಸಂಗಾತಿಯ ಹೆಸರನ್ನು ಮೊದಲ ದಿನವೇ ಕುಟುಂಬ ವಿವರದಲ್ಲಿ ನಮೂದಿಸುವುದು ಸೂಕ್ತ. ನೌಕರರು ಅಕಾಲದಲ್ಲಿ ಮೃತರಾದಾಗ ವಿಧವಾ ಪಿಂಚಣಿ ತಡವಾಗಲು ಈ ಒಂದು ನಮೂದು ಇಲ್ಲದಿರುವುದೂ ಕಾರಣವಾಗಬಹುದು.

ಪೌರತ್ವದಿಂದ ಸಲ್ಲುವಂಥವು: ಮತದಾನ, ಸಾರ್ವಜನಿಕ ಹುದ್ದೆಗಳಲ್ಲಿ ಸಮಾನ ಅವಕಾಶ ಮುಂತಾದವು. ಇವು ಪೌರತ್ವ ಪ್ರಮಾಣಪತ್ರ ಕೈಸೇರುವವರೆಗೆ ದೊರೆಯುವುದಿಲ್ಲ. ಮೀಸಲಾತಿಯ ವಿಷಯದಲ್ಲಿ ಇನ್ನೊಂದು ಅಂಶವಿದೆ. ಪರಿಶಿಷ್ಟ ಜಾತಿ ಅಥವಾ ಹಿಂದುಳಿದ ವರ್ಗದವರನ್ನು ವಿವಾಹವಾದ ಮಾತ್ರಕ್ಕೆ ಮೀಸಲಾತಿಯ ಲಾಭ ದೊರೆಯುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1996ರ ವಲ್ಸಮ್ಮ ಪಾಲ್ ಪ್ರಕರಣದಲ್ಲಿ ಹೇಳಿದೆ. ಹೀಗಾಗಿ ಪೌರತ್ವ ದೊರೆತ ನಂತರವೂ ಸಂಗಾತಿಯ ಹೆಸರಿನಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವುದರಿಂದ ಪ್ರಯೋಜನವಿಲ್ಲ.

ಮೊದಲನೆಯ ದಿನಾಂಕ: ವಿವಾಹ ನೋಂದಣಿ

ವಿದೇಶಿ ಸಂಗಾತಿಗೆ ಸಂಬಂಧಿಸಿದ ಪ್ರತಿಯೊಂದು ಅರ್ಜಿಯೂ ವಿವಾಹ ಪ್ರಮಾಣಪತ್ರದಿಂದ ಆರಂಭವಾಗುತ್ತದೆ. ಬಂಧುಗಳ ಸಮ್ಮುಖದಲ್ಲಿ, ಗುಡಿಯಲ್ಲಿ, ಮಸೀದಿಯಲ್ಲಿ ಅಥವಾ ಚರ್ಚಿನಲ್ಲಿ ನಡೆದ ವಿವಾಹ ಧರ್ಮಸಮ್ಮತವಾಗಿರಬಹುದು. ಆದರೆ ಸಾಗರೋತ್ತರ ಭಾರತೀಯ ಪೌರ ಕಾರ್ಡಿಗೆ ನೋಂದಾಯಿತ ವಿವಾಹವೇ ಬೇಕು. ಅದು ಅರ್ಜಿಯ ದಿನಕ್ಕೆ ಹಿಂದಿನ ಕನಿಷ್ಠ 2 ವರ್ಷ ನಿರಂತರವಾಗಿ ಊರ್ಜಿತದಲ್ಲಿರಬೇಕು.

ಹೊರದೇಶದಲ್ಲಿರುವ ಭಾರತೀಯರು ವಿದೇಶೀ ವಿವಾಹ ಅಧಿನಿಯಮ, 1969ರ ಅನ್ವಯ ಭಾರತೀಯ ರಾಯಭಾರ ಕಚೇರಿಯ ವಿವಾಹಾಧಿಕಾರಿಯ ಮುಂದೆ ವಿವಾಹವಾಗಬಹುದು. ಆ ದೇಶದ ಕಾನೂನಿನಂತೆ ನಡೆದ ವಿವಾಹವನ್ನು ಅಲ್ಲಿ ನೋಂದಾಯಿಸಲೂ ಅವಕಾಶವಿದೆ. ಇತರ ವಿಧಿಗಳಿಂದ ವಿವಾಹವಾಗಿ ಭಾರತಕ್ಕೆ ಮರಳಿದವರು ವಿಶೇಷ ವಿವಾಹ ಅಧಿನಿಯಮ, 1954ರ 15ನೇ ಕಲಂನಡಿ ನೋಂದಣಿ ಕೋರಬಹುದು. ಇದಕ್ಕಾಗಿ ದಂಪತಿಗಳು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಾಗಿರಬೇಕು.

ಹೊರದೇಶದ ಪ್ರಮಾಣಪತ್ರವನ್ನು ಇಲ್ಲಿ ಮಾನ್ಯ ಮಾಡಿಸಲು ಆ ದೇಶದಲ್ಲಿಯೇ ಅಪಾಸ್ಟಿಲ್ ಮುದ್ರೆ ಅಥವಾ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಪಡೆಯಬೇಕು. ಅಪಾಸ್ಟಿಲ್ ಕುರಿತ 1961ರ ಹೇಗ್ ಒಪ್ಪಂದವು ಭಾರತಕ್ಕೆ 2005ರ ಜುಲೈ 14ರಿಂದ ಅನ್ವಯವಾಗುತ್ತಿದೆ. ಊರಿಗೆ ಬಂದ ನಂತರ ಈ ಮುದ್ರೆಗಾಗಿ ಪತ್ರವನ್ನು ಮತ್ತೆ ಹೊರದೇಶಕ್ಕೆ ಕಳುಹಿಸುವುದು ದುಬಾರಿ ಹಾಗೂ ವಿಳಂಬದ ಕೆಲಸವಾದುದರಿಂದ, ಹೊರಡುವ ಮುನ್ನವೇ ಇದನ್ನು ಮುಗಿಸಿಕೊಳ್ಳುವುದು ಕ್ಷೇಮ.

ಎರಡನೆಯ ದಿನಾಂಕ: ವೀಸಾ ಅವಧಿಯ ಕೊನೆಯ ದಿನ

ನಾಲ್ಕು ದಿನಾಂಕಗಳಲ್ಲಿ ಅತ್ಯಂತ ಗಂಭೀರವಾದುದು ಇದು. ಪೌರತ್ವ ಅಧಿನಿಯಮ, 1955ರ ಪ್ರಕಾರ ಮಾನ್ಯ ದಾಖಲೆಯಿಲ್ಲದೆ ಪ್ರವೇಶಿಸಿದವರು ಮಾತ್ರವಲ್ಲದೆ, ಮಾನ್ಯ ದಾಖಲೆಯೊಂದಿಗೆ ಬಂದು ಅನುಮತಿಸಿದ ಅವಧಿ ಮೀರಿ ಉಳಿದವರೂ ‘ಅಕ್ರಮ ವಲಸಿಗ’ ಎಂಬ ವ್ಯಾಖ್ಯೆಗೆ ಒಳಪಡುತ್ತಾರೆ. ಅಕ್ರಮ ವಲಸಿಗರು 5ನೇ ಕಲಂನಡಿ ಪೌರರಾಗಿ ನೋಂದಣಿ ಪಡೆಯಲಾರರು.

ಪರಿಣಾಮ ಅಷ್ಟಕ್ಕೇ ನಿಲ್ಲುವುದಿಲ್ಲ. 2004ರ ಡಿಸೆಂಬರ್ 3ರಂದು ಅಥವಾ ಆ ನಂತರ ಭಾರತದಲ್ಲಿ ಜನಿಸಿದ ಮಗು ಜನ್ಮತಃ ಪೌರತ್ವ ಪಡೆಯಬೇಕಾದರೆ ತಂದೆ ತಾಯಿ ಇಬ್ಬರೂ ಪೌರರಾಗಿರಬೇಕು, ಇಲ್ಲವೇ ಒಬ್ಬರು ಪೌರರಾಗಿದ್ದು ಮತ್ತೊಬ್ಬರು ಮಗು ಜನಿಸುವ ವೇಳೆಗೆ ಅಕ್ರಮ ವಲಸಿಗರಾಗಿರಬಾರದು. ಹೀಗಾಗಿ ತಾಯಿಯ ವೀಸಾ ನವೀಕರಣವನ್ನು ಮರೆತ ತಪ್ಪು, ಆ ಅವಧಿಯಲ್ಲಿ ಗದಗದ ಆಸ್ಪತ್ರೆಯಲ್ಲಿಯೇ ಹುಟ್ಟಿದ ಮಗುವಿನ ಪೌರತ್ವವನ್ನು ಪ್ರಶ್ನಾರ್ಹಗೊಳಿಸಬಹುದು. ಮಗುವಿನ ತಂದೆ ಬೆಳ್ಳಟ್ಟಿಯಲ್ಲಿ ಹುಟ್ಟಿ ಬೆಳೆದವನೆಂಬುದು ಇದನ್ನು ಸರಿಪಡಿಸದು.

ಭಾರತೀಯರ ಪತಿ ಅಥವಾ ಪತ್ನಿಗೆ ಸಾಮಾನ್ಯವಾಗಿ ಪ್ರವೇಶ ವೀಸಾ, ಅಂದರೆ ಎಕ್ಸ್ ವೀಸಾ ನೀಡಲಾಗುತ್ತದೆ. ಪ್ರವಾಸಿ ವೀಸಾದಲ್ಲಿ ಬಂದು ಖಾಯಂ ನೆಲೆಸುವ ಯೋಚನೆ ಸರಿಯಲ್ಲ. 180 ದಿನಗಳಿಗೂ ಹೆಚ್ಚಿನ ಅವಧಿಯ ವೀಸಾ ಹೊಂದಿದವರು ಆಗಮಿಸಿದ 14 ದಿನಗಳೊಳಗೆ ನೋಂದಣಿ ಮಾಡಿಸಬೇಕು. 2018ರಿಂದ ನೋಂದಣಿ, ಅವಧಿ ವಿಸ್ತರಣೆ ಮುಂತಾದ ಸೇವೆಗಳನ್ನು ಇ-ಎಫ್‌ಆರ್‌ಆರ್‌ಓ ವ್ಯವಸ್ಥೆಯಲ್ಲಿ ಅಂತರ್ಜಾಲದ ಮೂಲಕ ಪಡೆಯಬಹುದಾಗಿದೆ. ವಿಸ್ತರಣೆಯ ಅರ್ಜಿಯನ್ನು ಅವಧಿ ಮುಗಿಯುವ ಮುನ್ನವೇ ಸಲ್ಲಿಸಿ ಸ್ವೀಕೃತಿಯನ್ನು ಕಾಯ್ದಿಟ್ಟುಕೊಳ್ಳಬೇಕು. ನೇಪಾಳದ ಪ್ರಜೆಗಳಿಗೆ ಭಾರತ ಪ್ರವೇಶಕ್ಕೆ ವೀಸಾ ಬೇಕಿಲ್ಲವಾದುದರಿಂದ ನೇಪಾಳಿ ಸಂಗಾತಿಗಳಿಗೆ ಈ ತೊಡಕು ಬರುವುದಿಲ್ಲ. ಆದರೆ ಅವರೂ ವಾಸದ ಅವಧಿಯನ್ನು ರುಜುವಾತುಪಡಿಸುವ ಕಾಗದಪತ್ರಗಳನ್ನು ಮೊದಲಿನಿಂದಲೇ ಕೂಡಿಡಬೇಕು.

ಮೂರನೆಯ ದಿನಾಂಕ: ಹೊರದೇಶದಲ್ಲಿ ಹುಟ್ಟಿದ ಮಗುವಿನ ದಾಖಲೆ

2004ರ ಡಿಸೆಂಬರ್ 3ರ ನಂತರ ಹೊರದೇಶದಲ್ಲಿ ಜನಿಸಿದ ಮಗುವಿಗೆ ಭಾರತೀಯ ತಂದೆ ಅಥವಾ ತಾಯಿಯಿಂದ ವಂಶತಃ ಪೌರತ್ವ ದೊರೆಯಬೇಕಾದರೆ, ಜನನವನ್ನು 1 ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು. ಒಂದು ವರ್ಷ ಮೀರಿದಲ್ಲಿ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವು ಬೇರೆ ದೇಶದ ಪಾಸ್‌ಪೋರ್ಟ್ ಹೊಂದಿಲ್ಲವೆಂದು ತಂದೆ ತಾಯಿ ಘೋಷಣೆಯನ್ನೂ ನೀಡಬೇಕು.

ಮರಳುವ ಕುಟುಂಬಗಳು ಎಡವುವುದು ಈ ಘೋಷಣೆಯ ಬಳಿಯೇ. ಬೇಗ ಊರು ಸೇರುವ ತವಕದಲ್ಲಿ ಮಗುವಿಗೆ ತಾಯಿಯ ದೇಶದ ಪಾಸ್‌ಪೋರ್ಟ್ ಮಾಡಿಸಿ ವೀಸಾ ಪಡೆದು ಕರೆತಂದರೆ, ಅನಂತರ ಈ ಘೋಷಣೆಗೆ ಸಹಿ ಮಾಡುವಂತಿಲ್ಲ. ಮಗು ಕಾನೂನಿನ ದೃಷ್ಟಿಯಲ್ಲಿ ವಿದೇಶಿಯಾಗಿಯೇ ಊರಿಗೆ ಬಂದಂತಾಗುತ್ತದೆ. ಕೆಲವು ವಾರ ಹೆಚ್ಚು ಕಾದು ದೂತಾವಾಸದ ನೋಂದಣಿ ಹಾಗೂ ಭಾರತೀಯ ಪಾಸ್‌ಪೋರ್ಟ್ ಪಡೆದು ಹೊರಡುವುದೇ ಮಗುವಿನ ಹಿತಕ್ಕೆ ಸೂಕ್ತವಾದ ಕ್ರಮ.

1992ರ ಡಿಸೆಂಬರ್ 10ರವರೆಗೆ ವಂಶತಃ ಪೌರತ್ವವು ತಂದೆಯಿಂದ ಮಾತ್ರ ದೊರೆಯುತ್ತಿತ್ತು. ಇಂದು ತಾಯಿ ಭಾರತೀಯಳಾಗಿದ್ದರೂ ಹಕ್ಕು ಸಮಾನವಾಗಿದೆ. ಸಂಗಾತಿಯ ವಿಷಯದಲ್ಲಿಯೂ ಅಷ್ಟೇ. ಮೂಲ ಅಧಿನಿಯಮದಲ್ಲಿ ಭಾರತೀಯರನ್ನು ವಿವಾಹವಾದ ‘ಸ್ತ್ರೀಯರು’ ಎಂದಿದ್ದುದನ್ನು 1986ರ ತಿದ್ದುಪಡಿಯು ‘ವ್ಯಕ್ತಿಗಳು’ ಎಂದು ಬದಲಿಸಿತು. ಆದ್ದರಿಂದ ಊರಿನ ಮಗಳು ವಿದೇಶಿ ಪತಿಯೊಡನೆ ಮರಳಿದಾಗಲೂ ಈ ಲೇಖನದ ಎಲ್ಲ ವಿವರಗಳು ಅದೇ ರೀತಿಯಲ್ಲಿ ಅನ್ವಯವಾಗುತ್ತವೆ.

ನಾಲ್ಕನೆಯ ದಿನಾಂಕ: ಸಾಗರೋತ್ತರ ಭಾರತೀಯ ಪೌರ ನೋಂದಣಿ

ಭಾರತೀಯರ ವಿದೇಶಿ ಸಂಗಾತಿ ಪೌರತ್ವ ಪಡೆಯಲು ಎರಡು ಮಾರ್ಗಗಳಿವೆ.

ಮೊದಲ ಮಾರ್ಗ 5(1)(ಸಿ) ಕಲಂನದು. ಇದರಲ್ಲಿ ಅರ್ಜಿಗೆ ಹಿಂದಿನ 12 ತಿಂಗಳು ನಿರಂತರವಾಗಿಯೂ, ಆ 12 ತಿಂಗಳ ಹಿಂದಿನ 8 ವರ್ಷಗಳಲ್ಲಿ ಒಟ್ಟು 6 ವರ್ಷವೂ ಭಾರತದಲ್ಲಿ ವಾಸವಿರಬೇಕು. ಒಟ್ಟು 7 ವರ್ಷ. 2003ರ ತಿದ್ದುಪಡಿಗೆ ಮುನ್ನ ಇದು 5 ವರ್ಷವಿತ್ತು. ಕೊನೆಯ 12 ತಿಂಗಳಲ್ಲಿ ವಿಶೇಷ ಸಂದರ್ಭಗಳಿದ್ದರೆ ಗರಿಷ್ಠ 30 ದಿನಗಳ ವಿನಾಯಿತಿಯನ್ನು ಕೇಂದ್ರ ಸರ್ಕಾರ ನೀಡಬಹುದು.

ಎರಡನೆಯ ಮಾರ್ಗ 5(1)(ಜಿ) ಕಲಂನದು. ಓಸಿಐ ಎಂದು ಪರಿಚಿತವಾದ ಸಾಗರೋತ್ತರ ಭಾರತೀಯ ಪೌರ ಕಾರ್ಡುದಾರರಾಗಿ 5 ವರ್ಷ ನೋಂದಣಿಯಲ್ಲಿದ್ದು, ಅರ್ಜಿಗೆ ಹಿಂದಿನ 12 ತಿಂಗಳು ಭಾರತದಲ್ಲಿ ವಾಸವಿದ್ದ ವಯಸ್ಕರು ಇದರಡಿ ಅರ್ಜಿ ಸಲ್ಲಿಸಬಹುದು. ಈ 5 ವರ್ಷವನ್ನು ಭಾರತದಲ್ಲಿಯೇ ಕಳೆದಿರಬೇಕೆಂದು ಕಲಂ ಹೇಳುವುದಿಲ್ಲ.

ಈ ವ್ಯತ್ಯಾಸವನ್ನು ಉದಾಹರಣೆಯಿಂದ ತಿಳಿಯಬಹುದು. ಮೇಲೆ ಹೇಳಿದ ಕುಟುಂಬವು 2025ರ ಜೂನ್ 10ರಂದು ಊರಿಗೆ ಮರಳಿತೆಂದು ಭಾವಿಸೋಣ. ಸೊಸೆ ವೀಸಾದ ಮೇಲೆಯೇ ಇದ್ದು, ಒಮ್ಮೆಯೂ ದೇಶ ಬಿಡದಿದ್ದರೂ ಮೊದಲ ಮಾರ್ಗದಲ್ಲಿ ಆಕೆ ಅರ್ಜಿ ಸಲ್ಲಿಸಬಹುದಾದುದು 2032ರ ಜೂನ್‌ನಲ್ಲಿ. ತವರಿಗೆ ಹೋಗಿಬಂದ ತಿಂಗಳುಗಳಷ್ಟು ಅದು ಮುಂದಕ್ಕೆ ಹೋಗುತ್ತದೆ. ಊರಿಗೆ ಬಂದ ಮೇಲೆ 2026ರ ಮಾರ್ಚ್ 1ರಂದು ಆಕೆ ಓಸಿಐ ನೋಂದಣಿ ಪಡೆದಿದ್ದರೆ ಎರಡನೆಯ ಮಾರ್ಗ 2031ರ ಮಾರ್ಚ್‌ನಲ್ಲಿ ತೆರೆಯುತ್ತದೆ. ಇದೇ ನೋಂದಣಿಯನ್ನು ದಂಪತಿಗಳು ದುಬೈಯಲ್ಲಿದ್ದಾಗಲೇ, 2021ರ ಆರಂಭದಲ್ಲಿ ಪಡೆದಿದ್ದರೆ, ಊರಿಗೆ ಬಂದು 12 ತಿಂಗಳು ತುಂಬುವ 2026ರ ಜೂನ್‌ನಲ್ಲಿಯೇ ಅರ್ಜಿಗೆ ಅರ್ಹತೆ ಉಂಟಾಗುತ್ತದೆ. ಒಂದೇ ಕುಟುಂಬ, ಒಂದೇ ಊರು. ಒಂದು ಕಾಗದದ ದಿನಾಂಕದಿಂದ 6 ವರ್ಷಗಳ ಅಂತರ.

ಓಸಿಐ ಕಾರ್ಡಿಗೆ ಸಂಗಾತಿಯ ಬಗ್ಗೆ ಭದ್ರತಾ ಪರಿಶೀಲನೆ ನಡೆಯುತ್ತದೆ. ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪ್ರಜೆಗಳಿಗೆ, ಅವರ ತಂದೆ ತಾಯಿ, ಅಜ್ಜ ಅಜ್ಜಿ ಅಥವಾ ಮುತ್ತಜ್ಜ ಮುತ್ತಜ್ಜಿ ಆ ದೇಶಗಳ ಪ್ರಜೆಗಳಾಗಿದ್ದವರಿಗೆ ಈ ಕಾರ್ಡು ದೊರೆಯುವುದಿಲ್ಲ. ವಿವಾಹದ ಆಧಾರದ ಮೇಲೆ ಪಡೆದ ಕಾರ್ಡನ್ನು ವಿವಾಹ ವಿಚ್ಛೇದನವಾದಲ್ಲಿ ರದ್ದುಪಡಿಸಬಹುದು. ಹೆಸರಿನಲ್ಲಿ ‘ಪೌರ’ ಎಂದಿದ್ದರೂ ಇದು ಪೌರತ್ವವಲ್ಲ. ಮತದಾನದ ಹಕ್ಕು ಇದರಿಂದ ಬರುವುದಿಲ್ಲ. 2021ರ ಮಾರ್ಚ್ 4ರ ಅಧಿಸೂಚನೆಯಂತೆ ಕಾರ್ಡುದಾರರು ಕೃಷಿ ಭೂಮಿ, ತೋಟದ ಮನೆ ಮತ್ತು ಪ್ಲಾಂಟೇಶನ್ ಆಸ್ತಿಗಳನ್ನು ಬಿಟ್ಟು ಇತರ ಸ್ಥಿರಾಸ್ತಿಗಳನ್ನು ಕೊಳ್ಳಬಹುದು. ಸೊಸೆಯ ಹೆಸರಿನಲ್ಲಿ ಹೊಲ ಖರೀದಿಸುವ ಆಲೋಚನೆಯುಳ್ಳ ಕುಟುಂಬಗಳು ಇದನ್ನು ಗಮನಿಸತಕ್ಕದ್ದು.

ಪಡಿತರ ಚೀಟಿ, ಗೃಹಲಕ್ಷ್ಮಿ ಮತ್ತು ಆರೋಗ್ಯ ನೆರವು

ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ನೀಡಲಾಯಿತು. ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿಯೆಂದು ನಮೂದಾಗಿರುವ ಒಬ್ಬ ಮಹಿಳೆಗೆ ತಿಂಗಳಿಗೆ 2,000 ರೂಪಾಯಿ ನೀಡುವ ಯೋಜನೆ ಇದು. ಯಜಮಾನಿ ಅಥವಾ ಆಕೆಯ ಪತಿ ಆದಾಯ ತೆರಿಗೆ ಪಾವತಿಸುವವರಾಗಿದ್ದರೆ ಅರ್ಹತೆ ಇರುವುದಿಲ್ಲ. ಆಹಾರ ಭದ್ರತಾ ಅಧಿನಿಯಮದ 13ನೇ ಕಲಂ ಕೂಡ ಮನೆಯ ಹಿರಿಯ ವಯಸ್ಕ ಮಹಿಳೆಯನ್ನೇ ಪಡಿತರ ಚೀಟಿಯ ಉದ್ದೇಶಕ್ಕೆ ಯಜಮಾನಿಯೆಂದು ಪರಿಗಣಿಸುತ್ತದೆ.

ಇದರಿಂದ ತಿಳಿಯುವ ಸಮಾಧಾನದ ಸಂಗತಿಯೆಂದರೆ, ಅತ್ತೆ ಯಜಮಾನಿಯಾಗಿರುವ ಕೂಡುಕುಟುಂಬದಲ್ಲಿ ಸೊಸೆ ವಿದೇಶಿ ಎಂಬ ಕಾರಣಕ್ಕೆ ಗೃಹಲಕ್ಷ್ಮಿ ಹಣವಾಗಲಿ, ಅತ್ತೆ ಮಾವಂದಿರ ಸಂಧ್ಯಾ ಸುರಕ್ಷಾ ಪಿಂಚಣಿಯಾಗಲಿ ನಿಲ್ಲುವುದಿಲ್ಲ. ಸೊಸೆಯನ್ನು ಮರೆಮಾಚುವ ಅಗತ್ಯ ಕುಟುಂಬಕ್ಕಿಲ್ಲ. ಆದರೆ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿದ ಕುಟುಂಬಗಳು ಆದ್ಯತಾ ಪಡಿತರ ಚೀಟಿಗೆ ಅರ್ಹವಲ್ಲ. ಹೊರದೇಶದಿಂದ ಮರಳಿದ ಮಗ ಅದೇ ಚೀಟಿಯಲ್ಲಿ ಮುಂದುವರಿಯುವಾಗ ಆತನ ಗಳಿಕೆಯನ್ನು ಮುಚ್ಚಿಡುವುದು ಇಡೀ ಕುಟುಂಬದ ಚೀಟಿಗೆ ಅಪಾಯ ತರಬಹುದು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಆದ್ಯತಾ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸಾ ನೆರವಿದೆ. ಇತರ ಕುಟುಂಬಗಳಿಗೆ ನಿಗದಿತ ಚಿಕಿತ್ಸಾ ದರದ ಶೇಕಡ 30ರಷ್ಟನ್ನು ವರ್ಷಕ್ಕೆ 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ಇದಕ್ಕೂ ಪಡಿತರ ಚೀಟಿಯೇ ಆಧಾರ. ಸಂಗಾತಿಯ ಹೆಸರನ್ನು ಚೀಟಿಗೆ ಸೇರಿಸುವಂತೆ ಕೋರುವಾಗ ರಾಷ್ಟ್ರೀಯತೆಯನ್ನು ಸ್ಪಷ್ಟವಾಗಿ ಬರೆದು, ವಿವಾಹ ಪ್ರಮಾಣಪತ್ರ, ವೀಸಾ ಅಥವಾ ಓಸಿಐ ಕಾರ್ಡಿನ ಪ್ರತಿಯನ್ನು ಲಗತ್ತಿಸಿ, ಆಹಾರ ಇಲಾಖೆಯ ಅಧಿಕಾರಿಯಿಂದ ಲಿಖಿತ ಆದೇಶ ಪಡೆಯಬೇಕು. ಕೋರಿಕೆ ತಿರಸ್ಕೃತವಾದರೂ ಸತ್ಯವಾದ ಅರ್ಜಿಯಿಂದ ಹಾನಿಯಿಲ್ಲ. ಅಲ್ಲಿಯವರೆಗೆ ಸಂಗಾತಿಗೆ ಪ್ರತ್ಯೇಕ ಖಾಸಗಿ ಆರೋಗ್ಯ ವಿಮೆ ಮಾಡಿಸಿರುವುದು ವಿವೇಕದ ಕ್ರಮ.

ಪೌರರಲ್ಲದವರಿಗೆ ಸೌಲಭ್ಯ ವಿಸ್ತರಿಸಿದ ನಿದರ್ಶನವೂ ನಾಡಿನಲ್ಲಿದೆ. ಗದಗಕ್ಕೆ ಹೆಚ್ಚು ದೂರವಲ್ಲದ ಮುಂಡಗೋಡದಲ್ಲಿ ಟಿಬೆಟಿಯನ್ನರ ವಸಾಹತು ಇದೆ. ಕೇಂದ್ರ ಸರ್ಕಾರದ ಟಿಬೆಟಿಯನ್ ಪುನರ್ವಸತಿ ನೀತಿ, 2014 ಪಡಿತರ ಮೊದಲಾದ ಯೋಜನೆಗಳ ಲಾಭವನ್ನು ಟಿಬೆಟಿಯನ್ ನಿರಾಶ್ರಿತರಿಗೆ ವಿಸ್ತರಿಸಲು ಅವಕಾಶ ಕಲ್ಪಿಸಿತು. ಆದರೆ ಅದು ಒಂದು ಸಮುದಾಯಕ್ಕಾಗಿ ಹೊರಡಿಸಿದ ಸ್ಪಷ್ಟ ನೀತಿ. ವಿವಾಹ ಮಾತ್ರದಿಂದ ಅಂತಹ ವ್ಯಾಪ್ತಿ ತಾನಾಗಿ ದೊರೆಯುವುದಿಲ್ಲ.

ಆಧಾರ್ ಮತ್ತು ಮತದಾರರ ಪಟ್ಟಿ: ಎಚ್ಚರಿಕೆ

ನೋಂದಣಿಗೆ ಹಿಂದಿನ 12 ತಿಂಗಳಲ್ಲಿ 182 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಭಾರತದಲ್ಲಿ ವಾಸವಿದ್ದ ವಿದೇಶೀಯರೂ ಆಧಾರ್ ಪಡೆಯಬಹುದು. ವೀಸಾ ಮೇಲಿರುವವರ ಆಧಾರ್ ವೀಸಾ ಅವಧಿಯವರೆಗೆ ಮಾತ್ರ ಮಾನ್ಯ. ಓಸಿಐ ಕಾರ್ಡುದಾರರು ಹಾಗೂ ನೇಪಾಳ, ಭೂತಾನ್ ಪ್ರಜೆಗಳಿಗೆ 10 ವರ್ಷದ ಮಾನ್ಯತೆ ಇದೆ. ಆಧಾರ್ ಅಧಿನಿಯಮ, 2016ರ 9ನೇ ಕಲಂ ಆಧಾರ್ ಸಂಖ್ಯೆಯು ಪೌರತ್ವದ ಅಥವಾ ಅಧಿವಾಸದ ಪುರಾವೆಯಲ್ಲವೆಂದು ಹೇಳುತ್ತದೆ.

ಹಳ್ಳಿಗಳಲ್ಲಿ ಆಧಾರ್ ತೋರಿಸಿದೊಡನೆ ಮತದಾರರ ಪಟ್ಟಿಗೂ ಹೆಸರು ಸೇರಿಸುವ ನಮೂನೆಯನ್ನು ಸದುದ್ದೇಶದಿಂದಲೇ ತುಂಬಿಕೊಡುವವರಿದ್ದಾರೆ. ವಿದೇಶಿ ಸಂಗಾತಿ ಅದಕ್ಕೆ ಸಹಿ ಮಾಡಬಾರದು. ಪೌರರಲ್ಲದವರ ನೋಂದಣಿಯನ್ನು ಪ್ರಜಾಪ್ರಾತಿನಿಧ್ಯ ಅಧಿನಿಯಮ, 1950ರ 16ನೇ ಕಲಂ ನಿಷೇಧಿಸುತ್ತದೆ. ಸುಳ್ಳು ಘೋಷಣೆಗೆ 31ನೇ ಕಲಂನಡಿ 1 ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಪೌರತ್ವದ ಅರ್ಜಿಯ ಪರಿಶೀಲನೆಯ ವೇಳೆ ಇಂತಹ ನಮೂದು ಬೆಳಕಿಗೆ ಬಂದರೆ ಹಲವು ವರ್ಷಗಳ ಕಾಯುವಿಕೆ ವ್ಯರ್ಥವಾದೀತು.

ಇತರ ದೇಶಗಳ ಪದ್ಧತಿ

ಸಂಗಾತಿಗೆ ಸೌಲಭ್ಯಗಳನ್ನು ತಡವಾಗಿ ನೀಡುವ ಪದ್ಧತಿ ಭಾರತಕ್ಕೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನಲ್ಲಿ ಸಂಗಾತಿ ವೀಸಾದ ಮೇಲೆ ಬಂದವರಿಗೆ ಸಾಮಾನ್ಯವಾಗಿ ಖಾಯಂ ವಾಸದ ಅನುಮತಿ ದೊರೆಯುವವರೆಗೆ ಸರ್ಕಾರಿ ನೆರವು ನಿಧಿಗಳು ನಿಷಿದ್ಧ. ಅಮೆರಿಕದಲ್ಲಿ 1996ರ ಕಾನೂನು, ಖಾಯಂ ವಾಸದ ಅನುಮತಿ ಪಡೆದವರಿಗೂ ಅನೇಕ ಒಕ್ಕೂಟ ನೆರವು ಯೋಜನೆಗಳಿಗೆ 5 ವರ್ಷಗಳ ತಡೆಯನ್ನು ವಿಧಿಸಿತು. ಕರೆತಂದವರು ಪೋಷಣೆಯ ಹೊಣೆಪತ್ರ ಬರೆದುಕೊಡಬೇಕು. ಭಾರತದಲ್ಲಿ ಸಂಗಾತಿಗಾಗಿ ಅಂತಹ ಒಂದೇ ಒಂದು ನಿಯಮವಿಲ್ಲ. ನಿಯಮಗಳು ಹಲವು ಅಧಿನಿಯಮಗಳಲ್ಲಿ ಹಂಚಿಹೋಗಿವೆ. ಇದರಿಂದ ಕೆಲವು ಬಾಗಿಲುಗಳು ಬೇಗ ತೆರೆದಿರುತ್ತವೆಯಾದರೂ ಯಾವುದು ತೆರೆದಿದೆ ಎಂಬುದನ್ನು ಅರಿಯುವ ಹೊಣೆ ಅರ್ಜಿದಾರರ ಮೇಲೆಯೇ ಬೀಳುತ್ತದೆ.

ಅರ್ಜಿಗಳನ್ನು ಸಲ್ಲಿಸುವ ಸ್ಥಳ

ವೀಸಾ ವಿಸ್ತರಣೆ ಮತ್ತು ವಿದೇಶೀಯರ ನೋಂದಣಿಯು ಕೇಂದ್ರ ಗೃಹ ಮಂತ್ರಾಲಯದ ಅಧೀನದಲ್ಲಿದೆ. ಪೌರತ್ವದ ಅರ್ಜಿಯನ್ನು ಅಂತರ್ಜಾಲದಲ್ಲಿ ಭರ್ತಿ ಮಾಡಿ, ವಾಸವಿರುವ ಜಿಲ್ಲೆಯ ಜಿಲ್ಲಾಧಿಕಾರಿಗಳ ಮೂಲಕ ಸಲ್ಲಿಸಲಾಗುತ್ತದೆ. ಬೆಳ್ಳಟ್ಟಿಯವರಿಗೆ ಅದು ಗದಗ ಜಿಲ್ಲಾಡಳಿತ. ಮಂಜೂರಾತಿ ಕೇಂದ್ರದ್ದು, ನೋಂದಣಿಗೆ ಮುನ್ನ ನಿಷ್ಠೆಯ ಪ್ರಮಾಣ ಸ್ವೀಕರಿಸಬೇಕು. ಭಾರತದಲ್ಲಿ ದ್ವಿಪೌರತ್ವಕ್ಕೆ ಅವಕಾಶವಿಲ್ಲದ ಕಾರಣ ಮೂಲ ದೇಶದ ಪೌರತ್ವವನ್ನು ತ್ಯಜಿಸಬೇಕಾಗುತ್ತದೆ. ತವರಿನ ಆಸ್ತಿ ಮತ್ತು ಪಿಂಚಣಿ ಹಕ್ಕುಗಳ ಮೇಲೆ ಇದರ ಪರಿಣಾಮವನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ಪಡಿತರ ಚೀಟಿಯ ಕೆಲಸ ಆಹಾರ ಇಲಾಖೆಗೂ, ವಾಸ ಮತ್ತು ಆದಾಯ ಪ್ರಮಾಣಪತ್ರಗಳು ನಾಡಕಚೇರಿಗೂ ಸಂಬಂಧಿಸಿವೆ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಗೆ ಒಳಪಟ್ಟ ಸೇವೆಗಳಿಗೆ ಸ್ವೀಕೃತಿ ಸಂಖ್ಯೆ ನೀಡತಕ್ಕದ್ದು. ಅವಧಿ ಮೀರಿದಲ್ಲಿ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ 30 ದಿನಗಳೊಳಗೆ ತಿಳಿಯುವ ಹಕ್ಕು ಪೌರರಾದ ಪತಿ ಅಥವಾ ಪತ್ನಿಗೆ ಇದೆ.

ಉಪಸಂಹಾರ

ವಿದೇಶಿ ಸಂಗಾತಿಯೊಡನೆ ಊರಿಗೆ ಮರಳಿದ ಕುಟುಂಬವು ಸರ್ಕಾರದ ನೆರವಿನಿಂದ ಪೂರ್ತಿಯಾಗಿ ಹೊರಗುಳಿಯುವುದಿಲ್ಲ; ಎಲ್ಲವನ್ನೂ ಒಮ್ಮೆಲೇ ಪಡೆಯುವುದೂ ಇಲ್ಲ. ತಾಯಿಯ ಆರೈಕೆ ಮತ್ತು ಮಗುವಿನ ಶಾಲೆ ಇಂದೇ ಲಭ್ಯ. ಕುಟುಂಬದ ಇತರ ಸದಸ್ಯರ ಸೌಲಭ್ಯಗಳು ಮೊದಲಿನಂತೆಯೇ ಮುಂದುವರಿಯುತ್ತವೆ. ಉಳಿದವು ಕಾಲಕ್ರಮದಲ್ಲಿ ಬರುವಂಥವು. ಆ ಕಾಲವನ್ನು ಮೊಟಕುಗೊಳಿಸುವುದು ಅಥವಾ ಉದ್ದವಾಗಿಸುವುದು ಬಹುಮಟ್ಟಿಗೆ ಕುಟುಂಬದ ಕೈಯಲ್ಲಿಯೇ ಇದೆ. ವಿವಾಹವನ್ನು ಬೇಗ ನೋಂದಾಯಿಸುವುದು, ವೀಸಾ ಅವಧಿ ಒಂದು ದಿನವೂ ಮೀರದಂತೆ ನೋಡಿಕೊಳ್ಳುವುದು, ಮಗುವಿನ ಜನನವನ್ನು ವರ್ಷದೊಳಗೆ ದೂತಾವಾಸದಲ್ಲಿ ದಾಖಲಿಸುವುದು ಮತ್ತು ಅರ್ಹತೆ ದೊರೆತೊಡನೆ ಓಸಿಐ ನೋಂದಣಿ ಪಡೆಯುವುದು: ಇವು ನಾಲ್ಕನ್ನು ಪಾಲಿಸಿದವರಿಗೆ ಮುಂದಿನ ಅರ್ಜಿಗಳು ಸುಗಮವಾಗುತ್ತವೆ. ಹೊರದೇಶದಲ್ಲಿರುವ ಮಕ್ಕಳು ಮರಳುವ ಮಾತೆತ್ತಿದಾಗ, ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಈ ನಾಲ್ಕು ದಿನಾಂಕಗಳನ್ನು ಅವರ ಗಮನಕ್ಕೆ ತರುವಂತೆ ಹಿರಿಯರಲ್ಲಿ ಕೋರಲಾಗಿದೆ.